ಹೆಬ್ಬೆರಳಲ್ಲಿ ಆರಿಸಿದ ಕಾದಂಬರಿಗಳು

ಮೊಮ್ಮಗಳು ಈ ಫೋನಿನಲ್ಲಿ ಕನ್ನಡ ಹಾಕಿಕೊಟ್ಟು ಹೋಗಿದ್ದಾಳೆ. ನಾನು ಒಂದು ಪದ ಒತ್ತುವುದರೊಳಗೆ ಅದು ಮುಂದಿನ ಪದಗಳನ್ನು ತಾನೇ ತಂದು ಎದುರಿಗಿಡುತ್ತದೆ. 'ನಾನು' ಎಂದು ಒತ್ತಿದರೆ 'ಚೆನ್ನಾಗಿದ್ದೇನೆ' ಎನ್ನುತ್ತದೆ. ಚೆನ್ನಾಗಿದ್ದೇನೋ ಇಲ್ಲವೋ ಹೇಳಬೇಕಾದವಳು ನಾನು, ಇದು ಯಾರು? ಅದನ್ನು ಬಂದ್ ಮಾಡಿಕೊಡು ಎಂದರೆ, "ಇರ್ಲಿ ಅಜ್ಜೀ, ಅದು ನಿಂಗೆ ಹೆಲ್ಪ್ ಮಾಡ್ತಾ ಇದೆ" ಎಂದಳು. ಇಂಥದೇ ಹೆಲ್ಪ್ ಮಾಡಿದ ಒಬ್ಬ ಮನುಷ್ಯ ಐವತ್ತರ ದಶಕದಲ್ಲಿ ನನಗೆ ಸಿಕ್ಕಿದ್ದ. ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಸತ್ತು ಎಷ್ಟೋ ವರ್ಷವಾಗಿರಬೇಕು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನಮ್ಮ ಬಿಲ್ಡಿಂಗಿನ ಭಜನೆಯವರು ಹೇಳುತ್ತಾರೆ. ಅವರಿಗೆ ಬೇರೆ ಕೆಲಸವಿಲ್ಲ.

ಮದುವೆಯಾಗಿ ಉಡುಪಿಯ ಕಡೆಯಿಂದ ಮುಂಬಯಿಗೆ ಬಂದವಳು ನಾನು. ಇದ್ದದ್ದು ಕುರ್ಲಾದ ಒಂದು ಚಾಳಿನಲ್ಲಿ. ಒಂದು ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಅತ್ತೆ. ಗಂಡ ಮಾಟುಂಗದಲ್ಲಿ ತಮ್ಮ ಸೋದರಮಾವನ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು. ಭಾನುವಾರ ಸಂಜೆ ಮಾತ್ರ ಅವರಿಗೆ ಬಿಡುವು. ಕುರ್ಲಾದಲ್ಲಿ ಮರಾಠಿ ಇತ್ತು, ಹಿಂದಿ ಇತ್ತು, ಗಿರಣಿಯ ಭೋಂಗಾದ ಕೂಗು ಇತ್ತು. ಕನ್ನಡ ಅಕ್ಷರ ಮಾತ್ರ ಊರಿಂದ ಬಂದ ಉಪ್ಪಿನಕಾಯಿ ಭರಣಿಗೆ ಸುತ್ತಿದ ಪೇಪರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಆ ಪೇಪರನ್ನೂ ನಾನು ಎಣ್ಣೆ ಒರೆಸಿ ಓದುತ್ತಿದ್ದೆ.

ನನಗೆ ಬೇಕಾಗಿದ್ದದ್ದು ಕಾದಂಬರಿ. ನೀತಿ ಬೇಡ, ಜ್ಞಾನ ಬೇಡ, ದೇಶೋದ್ಧಾರ ಬೇಡ. ಮಧ್ಯಾಹ್ನ ಅತ್ತೆ ಗೊರಕೆ ಶುರು ಮಾಡಿದ ಮೇಲೆ ಗೋಡೆಗೆ ಒರಗಿ ಕೂತು, ಯಾರದೋ ಮನೆಯ ಜಗಳವನ್ನು ಬಾಯಿ ಚಪ್ಪರಿಸಿಕೊಂಡು ಓದಬೇಕು. ಅಷ್ಟೇ ಆಸೆ.

ಮಾಟುಂಗದಲ್ಲಿ ಒಂದು ಕನ್ನಡ ಸಂಘವಿದೆ, ಅಲ್ಲಿ ಎರಡು ಕಪಾಟು ತುಂಬ ಕಾದಂಬರಿಗಳಿವೆ ಎಂದು ಹೇಳಿದವಳು ಪಕ್ಕದ ಕೋಣೆಯ ಮೈಸೂರಿನವಳು. ಅವಳ ಗಂಡನಿಗೆ ಫೋರ್ಟ್ ಕಡೆ ಆಫೀಸು ಕೆಲಸ. ನನಗಿಂತ ಸ್ವಲ್ಪ ದೊಡ್ಡವಳು, ಆ ದೊಡ್ಡತನವನ್ನು ಎಂದೂ ಮರೆಯದವಳು.

"ಗಾಜಿನ ಬಾಗಿಲಿನ ಕಪಾಟು ಕಣೇ. ಆದ್ರೆ ನಾವು ಹೆಂಗಸ್ರು ಮುಟ್ಟೋ ಹಾಗಿಲ್ಲ."

"ಯಾಕೆ ಅಕ್ಕ, ಕಚ್ತದಾ?"

"ಸೆಕ್ರೆಟ್ರಿ ಕಚ್ತಾರೆ."

ಭಾನುವಾರ ಅವಳ ಜೊತೆ ಲೋಕಲ್ ಹತ್ತಿ ಹೋದೆ. ಸಂಘವಿದ್ದದ್ದು ಒಂದು ಹಳೆಯ ಬಿಲ್ಡಿಂಗಿನ ಮಹಡಿಯಲ್ಲಿ. ಎದುರಿನ ಹಾಲ್ ಗಂಡಸರದು. ಬೆಂಚು, ಪೇಪರು, ಫ್ಯಾನು, ಗಂಡಸರಿಗೊಂದು ಹೆಂಗಸರಿಗೊಂದು ಎಂದು ಎರಡು ಕಪಾಟು, ಎಲ್ಲವೂ ಅವರ ಕಡೆಗೆ. ಒಳಕೋಣೆ ನಮ್ಮದು. ಅಲ್ಲಿ ಒಂದು ಚಾಪೆ ಮತ್ತು ಸೆಕೆ. ನಾವು ಭಜನೆ ಹೇಳಿ ಮುಗಿಸಿದ ಮೇಲೆ ಸೆಕ್ರೆಟ್ರಿ ಒಂದು ರಾಶಿ ಪುಸ್ತಕಗಳನ್ನು ಎದೆಗೆ ಅವುಚಿಕೊಂಡು ಬರುತ್ತಿದ್ದ. ಮೈಸೂರಿನ ಕಡೆಯ ದೊಡ್ಡ ಗುಮಾಸ್ತ. ಆ ಸೆಕೆಯಲ್ಲೂ ಕೋಟು. ಕೋಟಿಗೆ ನುಸಿಗುಳಿಗೆಯ ವಾಸನೆ. ಹೆಂಗಸರ ಮುಖ ನೋಡಿ ಪುಸ್ತಕ ಹಂಚುತ್ತಿದ್ದ. ಮದುವೆಯಾಗದವರಿಗೆ ಸಂತರ ಕಥೆ. ಮಕ್ಕಳಾದವರಿಗೆ ಮಕ್ಕಳನ್ನು ಸಾಕುವ ಪುಸ್ತಕ. ಗಂಡ ಸತ್ತವರಿಗೆ ಪುರಾಣ. ಇಪ್ಪತ್ತೆರಡರ ಹುಡುಗಿಯಾದರೂ ಪುರಾಣವೇ. ನಮ್ಮಂಥ ಹೊಸ ಸೊಸೆಯರಿಗೆ ಮಾತ್ರ 'ಸಾಂಸಾರಿಕ' ಕಾದಂಬರಿ. ಹೆಂಗಸರು ಎರಡೂ ಕೈ ಒಡ್ಡಿ ತೀರ್ಥ ತೆಗೆದುಕೊಳ್ಳುವ ಹಾಗೆ ತೆಗೆದುಕೊಳ್ಳುತ್ತಿದ್ದರು. ನೋಡಿಯೇ ನನಗೆ ಮೈ ಉರಿಯಿತು.

"ನನಗೆ ಆ ನೀಲಿ ರಟ್ಟಿನದ್ದು ಆಗ್ತಿತ್ತು" ಎಂದೆ.

"ಆಗ್ತಿತ್ತು ಅಂತ ನಿಮಗನ್ಸತ್ತೆ ಕಣಮ್ಮ. ನಾನು ಓದಿದೀನಿ. ಅದು ನಿಮಗೆ ಬೇಡ."

"ನನಗೆ ಬೇಡ ಅಂತ ನಿಮಗೆ ಹೇಗೆ ಗೊತ್ತು?"

ಮೈಸೂರಿನವಳು ನನ್ನ ತೊಡೆ ಚಿವುಟಿದಳು. ಅವನು ನಕ್ಕ. ಬೈದಿದ್ದರೆ ಇಷ್ಟು ದ್ವೇಷ ಹುಟ್ಟುತ್ತಿರಲಿಲ್ಲವೋ ಏನೋ. ಮಗುವಿನ ಕೈಯಿಂದ ಕತ್ತರಿ ಕಿತ್ತುಕೊಳ್ಳುವಾಗ ನಗುತ್ತಾರಲ್ಲ, ಆ ನಗು.

"ಹೊಸಬ್ರು. ಕಲೀತಾರೆ" ಎಂದು ಬೇರೊಂದು ಪುಸ್ತಕ ಕೈಗಿಟ್ಟ.

ಕಲಿತೆ. ಅವನು ಅಂದುಕೊಂಡದ್ದನ್ನಲ್ಲ.

ಆ ಮೊದಲ ಕಾದಂಬರಿಯಲ್ಲಿ ಒಬ್ಬಳು ಮಹಡಿಯ ಮೆಟ್ಟಿಲು ಹತ್ತುತ್ತಾಳೆ, ಮೇಲೆ ಯಾರೋ ಕಾಯುತ್ತಿದ್ದಾರೆ. ಹಾಳೆ ತಿರುವಿದರೆ ಅವಳ ತಂದೆ ನೆಂಟರ ಜೊತೆ ಗದ್ದೆಯ ಗಡಿಯ ಬಗ್ಗೆ ಜಗಳವಾಡುತ್ತಿದ್ದಾನೆ. ಬರೆದವನಿಗೆ ತಲೆ ಸರಿ ಇಲ್ಲ ಎಂದುಕೊಂಡೆ. ಆಮೇಲೆ ಹಾಳೆಯನ್ನು ಬೆರಳಲ್ಲಿ ಹಿಡಿದರೆ ಅದು ಬೇರೆ ಹಾಳೆಗಳಿಗಿಂತ ದಪ್ಪ. ಬಿಸಿಲಿಗೆ ಹಿಡಿದೆ. ಒಳಗೆ ಅಕ್ಷರಗಳ ನೆರಳು ಕಂಡಿತು. ಎರಡು ಹಾಳೆಗಳ ಅಂಚಿಗೆ ಮೈದಾ ಅಂಟು ಹಚ್ಚಿ ಒಂದಕ್ಕೊಂದು ಅಂಟಿಸಿದ್ದರು! ಸಿನಿಮಾದವರು ಗೋಡೆಗೆ ಪೋಸ್ಟರು ಹಚ್ಚುತ್ತಾರಲ್ಲ, ಅದೇ ಅಂಟು.

ಮೈಸೂರಿನವಳನ್ನು ಕೇಳಿದರೆ ಅವಳಿಗೆ ಮೊದಲೇ ಗೊತ್ತಿತ್ತು. "ಸೆಕ್ರೆಟ್ರಿನೇ ಕೂತ್ಕೊಂಡು ಅಂಟಿಸ್ತಾರಂತೆ ಕಣೇ, ಹೆಂಗಸ್ರ ಕಪಾಟಿಂದಷ್ಟೇ. ಗಂಡಸ್ರ ಕಪಾಟಿಗೆ ಅಂಟಿಲ್ಲ."

"ನಿಮಗೆ ಸಿಟ್ಟು ಬರುದಿಲ್ವಾ?"

"ಕಥೆ ಅರ್ಥ ಆಗತ್ತಲ್ಲ, ಬಿಡು."

ಅರ್ಥ ಆದರೆ ಸಾಕಂತೆ! ಪಾಯಸದಲ್ಲಿ ದ್ರಾಕ್ಷಿ ಗೋಡಂಬಿ ಎಲ್ಲ ಆರಿಸಿ ತೆಗೆದು, ಸಿಹಿ ಇದೆಯಲ್ಲ, ಕುಡಿ ಎಂದ ಹಾಗೆ.

ಹೇರ್‌ಪಿನ್ ಹಾಕಿ ಬಿಡಿಸಲು ನೋಡಿದೆ, ಅಂಚು ಹರಿಯಿತು. ಉಪಾಯ ಹೊಳೆದದ್ದು ಇಡ್ಲಿಯಿಂದ. ಬೆಳಿಗ್ಗೆ ಇಡ್ಲಿ ಪಾತ್ರೆಯ ಮೇಲಿನ ಹಲಗೆಯಲ್ಲಿ ಪುಸ್ತಕ ಇಟ್ಟಿದ್ದೆ. ಹಬೆ ತಾಗಿದ ಮೂಲೆ ತಾನಾಗಿ ಬಾಯಿ ಬಿಟ್ಟಿತ್ತು. ಆವತ್ತಿನಿಂದ ನಮ್ಮ ಮನೆಯಲ್ಲಿ ಇಡ್ಲಿ ಹೆಚ್ಚಾಯಿತು. ಮಧ್ಯಾಹ್ನ ಅತ್ತೆ ಮಲಗಿದ್ದಾಗ ಇದ್ದಿಲಿನ ಸಿಗಡಿ ಒಲೆಯ ಮೇಲೆ ಪಾತ್ರೆ ಇಟ್ಟು, ಹಾಳೆಗಳನ್ನು ಹಬೆಗೆ ಹಿಡಿದು, ಬೆಣ್ಣೆಗತ್ತಿಯ ಬೆನ್ನಿನಿಂದ ಮೆಲ್ಲಗೆ ಬಿಡಿಸುತ್ತಿದ್ದೆ. ಒಂದು ದಿನ ಅತ್ತೆಗೆ ಎಚ್ಚರವಾಯಿತು.

"ಎಂತ ಬೇಯಿಸುದು ಈ ಹೊತ್ತಿಗೆ?"

"ಕಾದಂಬರಿ."

"ಉಪ್ಪು ಹಾಕಿದ್ದೀಯಾ?" ಎಂದು ಮಗ್ಗುಲು ಬದಲಿಸಿದರು. ನಿದ್ದೆಗಣ್ಣಿನಲ್ಲಿ ಕೇಳಿದರೋ, ಬೇಕೆಂದೇ ಕೇಳಿದರೋ ಗೊತ್ತಿಲ್ಲ. ನನ್ನ ಅತ್ತೆಗೆ ಓದು ಬರುತ್ತಿರಲಿಲ್ಲ, ಓದುವವರನ್ನು ಕಂಡರೆ ಆಗುತ್ತಲೂ ಇರಲಿಲ್ಲ. ಸಾರಿಗೆ ಹುಳಿ ಹೆಚ್ಚಾದರೂ, ನಲ್ಲಿಯಲ್ಲಿ ನೀರು ಹೋದರೂ ಅವರಿಗೆ ನನ್ನ ಪುಸ್ತಕವೇ ಕಾರಣ.

ಆ ಮೆಟ್ಟಿಲಿನ ಮೇಲೆ ಏನಾಯಿತು ಗೊತ್ತೇ? ಮೇಲಿದ್ದವನು ಅವಳ ಮುಂಗೈ ಹಿಡಿದು, "ಈ ಬಳೆ ಹೊಸದಾ?" ಎಂದು ಕೇಳುತ್ತಾನೆ. ಅವಳು ಹೌದು ಎನ್ನುತ್ತಾಳೆ. ಮುಗಿಯಿತು. ಇಷ್ಟಕ್ಕೆ ಮೈದಾ ಕಲಸಿದ್ದನೇ ಪುಣ್ಯಾತ್ಮ!

ಆದರೆ ಇನ್ನೂ ಕೆಲವು ಪುಸ್ತಕಗಳನ್ನು ಬಿಡಿಸಿದ ಮೇಲೆ ನನ್ನ ನಗು ನಿಂತಿತು. ಒಂದರಲ್ಲಿ ಸೊಸೆ ಊಟದ ಎಲೆಯ ಮುಂದಿನಿಂದ ಎದ್ದು, "ಇನ್ನು ಈ ಮನೆಯಲ್ಲಿ ನಾನು ಬಡಿಸುವುದಿಲ್ಲ" ಎನ್ನುತ್ತಾಳೆ. ಅದು ಅಂಟಿನೊಳಗಿತ್ತು. ಇನ್ನೊಂದರಲ್ಲಿ ಒಬ್ಬಳು ತನ್ನ ಗಂಡನಿಗೆ, ನೀನು ಹೇಡಿ ಎಂದು ಮುಖಕ್ಕೆ ಹೇಳುತ್ತಾಳೆ. ಅದೂ ಅಂಟಿನೊಳಗೆ. ಗಂಡ ಹೊಡೆಯುವ ಪುಟಕ್ಕೆ ಅಂಟಿರಲಿಲ್ಲ. ಅವಳು ಅತ್ತು ಕಾಲಿಗೆ ಬೀಳುವ ಪುಟಕ್ಕಂತೂ ಇರಲೇ ಇಲ್ಲ, ಅದು ಫಳಫಳ ಹೊಳೆಯುತ್ತಿತ್ತು. ಮುತ್ತು ಕೊಡುವ ಪುಟಗಳಿಗಿಂತ ಹೆಚ್ಚಾಗಿ ಅವನು ಮುಚ್ಚಿದ್ದು ಹೆಂಗಸರ ಎದುರುತ್ತರವನ್ನು. ಅಲ್ಲಿಗೆ ನನ್ನ ದ್ವೇಷ ಪಕ್ಕಾ ಆಯಿತು.

ಅವನ ಅಂಟೇ ನನಗೆ ದಾರಿ ತೋರಿಸಿತು. ಅಂಟು ಹೆಚ್ಚಿದ್ದಷ್ಟೂ ಕಾದಂಬರಿ ಒಳ್ಳೆಯದು. ಅವನು ಪುಸ್ತಕ ಕೊಡುವಾಗ ನಾನು ಅದರ ಅಂಚನ್ನು ಹೆಬ್ಬೆರಳಿನಿಂದ ಸರ್ರನೆ ಬಿಡುತ್ತಿದ್ದೆ. ಹಾಳೆಗಳು ಹಗುರವಾಗಿ ಉದುರಿದರೆ ಅದು ಉಪದೇಶ. ಬೆರಳಿಗೆ ಅಲ್ಲಲ್ಲಿ ತಡೆದರೆ ನನ್ನ ಪುಸ್ತಕ.

"ಇದು ಓದಿ ಆಯ್ತು."

"ಇದು?"

"ಅಕ್ಷರ ಸಣ್ಣ ಉಂಟು, ಕಣ್ಣು ಉರಿ."

"ಹಾಗಾದ್ರೆ ಇದು ತಗೊಳಿ. ಸ್ವಲ್ಪ ದಪ್ಪ ಇದೆ."

"ದಪ್ಪ ಇರ್ಲಿ" ಎಂದು ತಲೆ ತಗ್ಗಿಸಿ ತೆಗೆದುಕೊಳ್ಳುತ್ತಿದ್ದೆ. ಹೊಸಬಳು ಕಲಿತಳು ಎಂದು ಅವನಿಗೆ ಖುಷಿ.

ಓದಿದ ಮೇಲೆ ಹಾಳೆಗಳನ್ನು ಮತ್ತೆ ಅಂಟಿಸಿಯೇ ಕೊಡಬೇಕಲ್ಲ. ರೇಷನ್ನಿನ ಕಾಲ, ಅತ್ತೆ ಮೈದಾ ಮುಟ್ಟಲು ಬಿಡುತ್ತಿರಲಿಲ್ಲ. "ಅನ್ನದ ಗಂಜಿ ಹಚ್ಚೇ, ಗೊತ್ತೇ ಆಗಲ್ಲ. ನಾನು ಮೈದುನನ ಗಾಳಿಪಟಕ್ಕೆ ಅದನ್ನೇ ಹಚ್ಚೋದು" ಎಂದಳು ಮೈಸೂರಿನವಳು. ಹಚ್ಚಿದೆ. ಬಿಡಿಸಿದ ಪುಸ್ತಕಗಳನ್ನು ಅವಳಿಗೂ ಓದಲು ಕೊಡುತ್ತಿದ್ದೆ. ಅವಳು ಒಂದು ದಿನದಲ್ಲಿ ಓದಿ, "ಥೂ, ಏನೇನ್ ಬರೀತಾರಪ್ಪ! ಇನ್ನೊಂದು ಯಾವಾಗ ಕೊಡ್ತೀಯೆ?" ಎನ್ನುತ್ತಿದ್ದಳು. ಆಮೇಲೆ ನಾನು ಗಂಜಿ ಹಚ್ಚಿ ಒಣಗಿಸಿ ಸಂಘಕ್ಕೆ ಒಪ್ಪಿಸುತ್ತಿದ್ದೆ.

ಹೀಗೇ ಒಂದು ವರ್ಷ ನಡೆದಿರಬೇಕು. ಒಂದು ಭಾನುವಾರ ಸೆಕ್ರೆಟ್ರಿ ರಾಶಿ ಹಿಡಿದು ಬರಲಿಲ್ಲ. ಒಂದೇ ಒಂದು ಪುಸ್ತಕ ಹಿಡಿದು ಬಂದ. ಆವತ್ತು ಭಜನೆಗೆಂದು ನನ್ನ ಅತ್ತೆಯೂ ಬಂದಿದ್ದರು, ಗಂಡ ಹಾಲಿನಲ್ಲಿ ಕೂತಿದ್ದರು. ಅವನು ಪುಸ್ತಕ ಬಿಡಿಸಿ, ಎರಡು ಹಾಳೆ ಸೇರಿದ ಅಂಚನ್ನು ಎಲ್ಲರಿಗೂ ತೋರಿಸಿದ.

"ಇಲ್ಲಿ ನೋಡಿ. ನಾನು ಹಚ್ಚಿದ್ದು ಮೈದಾ. ಒಣಗಿದ್ರೆ ಬಿಳಿ. ಇದು ಕೆಂಪಗಿದೆ."

ಮೈಸೂರಿನವಳ ಅನ್ನ ಬಿಳಿ, ಗಂಜಿಯೂ ಬಿಳಿ. ನಮ್ಮ ಮನೆಯಲ್ಲಿ ಬೇಯುತ್ತಿದ್ದದ್ದು ಊರಿಂದ ಹಡಗಿನಲ್ಲಿ ಬರುವ ಕೆಂಪು ಕುಚ್ಚಲಕ್ಕಿ. ಅದರ ಗಂಜಿ ಒಣಗಿದರೆ ತಿಳಿಗೆಂಪು ಗೆರೆ ನಿಲ್ಲುತ್ತದೆ. ಹುಟ್ಟಿದಾಗಿನಿಂದ ಆ ಬಣ್ಣ ನೋಡಿದ ಕಣ್ಣಿಗೆ ಅದು ಬಣ್ಣವೆಂದೇ ಕಂಡಿರಲಿಲ್ಲ.

"ಇದು ಕುಚ್ಚಲಕ್ಕಿ ಗಂಜಿ. ನಮ್ಮ ಕಡೆಯೋರ ಮನೇಲಿ ಇದು ಬೇಯೋದೇ ಇಲ್ಲ. ಮಾಡಿದೋರು ಕರಾವಳಿಯೋರು. ಯಾರು ಅಂತ ಗೊತ್ತಾಗೋವರ್ಗೂ ಕರಾವಳಿಯ ಹೆಂಗಸ್ರಿಗೆ ಕಾದಂಬರಿ ಇಲ್ಲ. ಪುರಾಣ ಓದ್ಕೊಳ್ಳಿ. ಹೋಟ್ಲಿನೋರ ಮನೆಗಳಿಗೆ ಕಾದಂಬರಿ ಕೊಟ್ಟಿದ್ದೇ ತಪ್ಪಾಯ್ತು."

ಚಾಪೆಯ ಮೇಲೆ ಗದ್ದಲವೆದ್ದಿತು. ನಮ್ಮ ಕಡೆಯವರಿಗೆ ಕಾದಂಬರಿ ಹೋದದ್ದು ಮುಖ್ಯವಾಗಲಿಲ್ಲ, ಅಕ್ಕಿಗೆ ಅಂದದ್ದು ನಾಟಿತು. ಎಲ್ಲರಿಗಿಂತ ಮೊದಲು ಸಿಡಿದದ್ದು ನನ್ನ ಅತ್ತೆ.

"ನಮ್ಮ ಅಕ್ಕಿಗೆ ಎಂತ ಆಗಿದೆ? ದಿನಾ ಬೆಳಿಗ್ಗೆ ನಮ್ಮ ಹೋಟ್ಲಿಗೆ ಬಂದು ಇಡ್ಲಿ ನುಂಗ್ತೀರಲ್ಲ, ಆವಾಗ ಯಾವ ಕಡೆಯವರು ಅಂತ ಕೇಳ್ತೀರಾ?"

"ಅಮ್ಮಾ, ನಾನು ಅಕ್ಕಿ ಬಗ್ಗೆ ಹೇಳ್ತಿಲ್ಲ…"

"ಮತ್ತೆ ಯಾರು ಹೇಳಿದ್ದು? ನಿಮ್ಮ ಮೈಮೇಲಿನ ಕೋಟು ಹೇಳಿದ್ದಾ?"

ನಾನು ಮೈಸೂರಿನವಳ ಕಡೆ ನೋಡಿದೆ. ಗಂಜಿ ಹಚ್ಚು ಎಂದವಳು, ಅಂಟು ಬಿಡಿಸಿದ ಪುಟಗಳನ್ನೆಲ್ಲ ನನಗಿಂತ ಬೇಗ ಓದಿದವಳು, ಕೆನ್ನೆಗೆ ಕೈ ಇಟ್ಟುಕೊಂಡು, "ಅಯ್ಯೋ, ಹೀಗೂ ಮಾಡ್ತಾರೆಯೇ!" ಎಂದಳು. ಅವಳಿಗೆ ಮುಂದಿನ ವಾರವೂ ಕಾದಂಬರಿ ಸಿಗುತ್ತದೆ. ನನಗೆ ಸಿಗುವುದಿಲ್ಲ. ಬಾಯಿ ಮುಚ್ಚಿ ಕೂತರೆ ನನ್ನಿಂದ ನಮ್ಮ ಕಡೆಯ ಯಾರಿಗೂ ಸಿಗುವುದಿಲ್ಲ. ಬಾಯಿ ತೆರೆದರೆ ಈ ಸಂಘದ ಬಾಗಿಲೇ ನನಗೆ ಮುಚ್ಚುತ್ತದೆ. ಮಧ್ಯಾಹ್ನ ಗೋಡೆಗೆ ಒರಗಿ ಕೂತು ಉಪ್ಪಿನಕಾಯಿ ಪೇಪರು ಓದುವ ಕಾಲ ಮತ್ತೆ ಬಂತು ಎನಿಸಿತು. ಹೇಗೂ ಬಂತಲ್ಲ, ಹೇಳಿಯೇ ಬಿಡುವ ಎಂದು ಎದ್ದು ನಿಂತೆ.

"ಬಿಡಿಸಿದ್ದು ನಾನು."

ಅವನು ಮತ್ತೆ ಅದೇ ನಗು ನಕ್ಕ. "ನನಗೆ ಅನ್ನಿಸ್ತು. ಯಾಕಮ್ಮ ಬಿಡಿಸಿದ್ರಿ?"

"ನೀವು ಯಾಕೆ ಅಂಟಿಸಿದ್ರಿ? ಮೊದಲು ಅದನ್ನು ಹೇಳಿ."

"ಸಂಸಾರಸ್ಥ ಹೆಣ್ಣುಮಕ್ಕಳ ಮನಸ್ಸು ಕೆಡಬಾರದು ಅಂತ."

"ನೀವು ಎಲ್ಲ ಓದಿದ್ದೀರಲ್ಲ. ಓದಿ ಓದಿ ಅಂಟಿಸಿದ್ದು. ನಿಮ್ಮ ಮನಸ್ಸಿಗೆ ಎಂತ ಆಯ್ತು?"

ಹಿಂದೆ ಕೂತಿದ್ದ, ಗಂಡ ಸತ್ತ ಆ ಇಪ್ಪತ್ತೆರಡರ ಪುರಾಣದ ಹುಡುಗಿ ಕಿಸಕ್ಕನೆ ನಕ್ಕಳು. ಸೆಕ್ರೆಟ್ರಿಯ ನಗು ಆಗ ಹೋಯಿತು. "ನಿಮ್ಮ ಯಜಮಾನ್ರ ಹತ್ರ ಮಾತಾಡ್ತೀನಿ" ಎಂದು ಹಾಲಿಗೆ ಹೋಗಿ ನನ್ನ ಗಂಡನನ್ನು ಬಾಗಿಲಿಗೆ ಕರೆದು ತಂದ. ನನ್ನ ಗಂಡ ಜಗಳ ಕಂಡರೆ ಜಾಗ ಖಾಲಿ ಮಾಡಲು ಚಪ್ಪಲಿ ಹುಡುಕುವವರು. ಅಲ್ಲಿದ್ದ ಗಂಡಸರೆಲ್ಲ ಅವರ ಹೋಟೆಲಿನ ಗಿರಾಕಿಗಳು. ಎಲ್ಲ ಕೇಳಿಸಿಕೊಂಡು, ನೆಲ ನೋಡಿ, "ನಡಿ, ಮನೆಗೆ ಹೋಗುವ" ಎಂದರು.

"ಹೋಗುವ. ಪುಸ್ತಕ ತಕೊಂಡು ಬರ್ತೇನೆ" ಎಂದೆ.

ಅವರಿಬ್ಬರ ನಡುವಿನಿಂದ ದಾಟಿ ಗಂಡಸರ ಹಾಲಿಗೆ ಹೋದೆ. ಪೇಪರು ಓದುತ್ತಿದ್ದವರು ಕಾಲು ಮಡಚಿಕೊಂಡರು. ಒಬ್ಬರಂತೂ ಪೇಪರಿನಿಂದ ಮುಖವನ್ನೇ ಮುಚ್ಚಿಕೊಂಡರು, ಹಾಲಿಗೆ ಹುಲಿ ಬಂದ ಹಾಗೆ. ಹೆಂಗಸರ ಕಪಾಟಿನ ಹತ್ತಿರವೂ ಸುಳಿಯಲಿಲ್ಲ ನಾನು. ಗಂಡಸರ ಕಪಾಟಿನ ಗಾಜಿನ ಬಾಗಿಲು ಎಳೆದೆ.

"ಮುಟ್ಬೇಡಿ! ಅದು ಜೆಂಟ್ಸ್ ಕಪಾಟು!"

"ಮುಟ್ಟಿ ಆಯ್ತು."

ಒಂದೊಂದೇ ಪುಸ್ತಕ ತೆಗೆದು ಹೆಬ್ಬೆರಳು ಹಾಯಿಸಿದೆ. ಎಲ್ಲ ಹಗುರ. ಇಲ್ಲಿ ಅಂಟಿಲ್ಲವಲ್ಲ, ಇನ್ನು ಹೇಗೆ ಆರಿಸುವುದು ಎಂದು ಗಾಬರಿಯಾಯಿತು. ರಟ್ಟು ನೋಡಿ ಆರಿಸಬೇಕೇ, ಹೆಸರು ನೋಡಿ ಆರಿಸಬೇಕೇ, ನನಗೆ ಗೊತ್ತೇ ಇರಲಿಲ್ಲ. ಆಗ ಕೆಳಗಿನ ಸಾಲಿನ ಮೂಲೆಯಲ್ಲಿದ್ದ ಒಂದು ದಪ್ಪ ಪುಸ್ತಕ ಹೆಬ್ಬೆರಳಿಗೆ ತಡೆಯಿತು. ಒಂದು ಕಡೆಯಲ್ಲ, ಮೊದಲಿಂದ ಕೊನೆಯವರೆಗೆ! ಗಂಡಸರ ಕಣ್ಣಿನಿಂದಲೂ ಮುಚ್ಚಿಟ್ಟ ಕಾದಂಬರಿ ಎಂದರೆ ಅದರಲ್ಲಿ ಏನೇನಿರಬೇಕು!

"ಇವರಿಗೆ ಹೇಳ್ರೀ!" ಎಂದ ಸೆಕ್ರೆಟ್ರಿ ನನ್ನ ಗಂಡನಿಗೆ.

ನನ್ನ ಗಂಡ ಅವನ ಮುಖ ನೋಡಿದರು, ನನ್ನ ಮುಖ ನೋಡಿದರು, ಗೋಡೆಯ ಗಡಿಯಾರ ನೋಡಿದರು. "ಬೇಗ ಆರಿಸು ಮಾರಾಯ್ತಿ, ಟ್ರೇನು ತಪ್ತದೆ" ಎಂದರು.

ಕುರ್ಲಾ ಮುಟ್ಟುವವರೆಗೂ ಅತ್ತೆ ಆ ಸೆಕ್ರೆಟ್ರಿಗೆ ಬೈದರು, ಚಾಳಿನ ಮೆಟ್ಟಿಲು ಹತ್ತಿದ ಮೇಲೆ ನನಗೆ. ಮನೆತನದ ಮಾನ, ಹೋಟೆಲಿನ ಗಿರಾಕಿ, ಹಾಳಾದ ಅನ್ನ, ಎಲ್ಲವೂ ಬಂತು. ಮೈಸೂರಿನವಳು ಟ್ರೇನಿನಲ್ಲಿ ನಮಗಿಂತ ಹಿಂದಿನ ಡಬ್ಬಿ ಹತ್ತಿ ಬಂದು, ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಆಮೇಲೆ ಎಂದೂ ನಾನು ಅವಳ ಬಾಗಿಲು ತಟ್ಟಲಿಲ್ಲ. ನಲ್ಲಿಯ ಹತ್ತಿರ ಸಿಕ್ಕರೆ ಅವಳ ಕೊಡ ಸರಿಸಿ ನನ್ನದು ಇಡುತ್ತಿದ್ದೆ.

ಮರುದಿನ ಮಧ್ಯಾಹ್ನ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿದೆ. ಅತ್ತೆ ಮಲಗಿರಲಿಲ್ಲ, ನೋಡುತ್ತಲೇ ಕೂತಿದ್ದರು. ಹಬೆಗೆ ಹಿಡಿದರೆ ಹಾಳೆಗಳು ಬಿಡಲಿಲ್ಲ, ಇನ್ನಷ್ಟು ಉಬ್ಬಿದವು. ಮೂಸಿದೆ. ಮೈದಾದ ವಾಸನೆಯಿಲ್ಲ, ಬೂಷ್ಟಿನ ವಾಸನೆ. ಕಪಾಟಿನ ಹಿಂದಿನ ಗೋಡೆಯಲ್ಲಿ ಮಳೆಗಾಲದ ನೀರು ಇಳಿದಿರಬೇಕು. ನೆನೆದು, ಒಣಗಿ, ಹಾಳೆಗಳು ತಾವೇ ಅಂಟಿಕೊಂಡಿದ್ದವು. ಹೊದ್ದುಕೊಳ್ಳುವ ರಗ್ಗಿನ ಕೆಳಗೆ ಇಟ್ಟು, ಬಿಸಿಲಿಗಿಟ್ಟು, ಕತ್ತಿ ಆಡಿಸಿ, ಅಂತೂ ಬಿಡಿಸಿದೆ. ಒಳಗೆ ಒಬ್ಬ ಚಿಕ್ಕಪ್ಪ ಇದ್ದ. ಅವನು ಅಣ್ಣನ ಮಗಳಿಗೆ ಹೆಂಗಸಿನ ಧರ್ಮವೇನು ಎಂದು ಬೋಧಿಸುತ್ತಿದ್ದ. ಪುಟಗಟ್ಟಲೆ ಬೋಧಿಸಿದ. ಕಾಫಿ ಕುಡಿದು ಮತ್ತೆ ಬೋಧಿಸಿದ. ಅವಳು ಎಲ್ಲಿಯೂ ಒಂದು ಎದುರುತ್ತರ ಕೊಡಲಿಲ್ಲ.

ನಾನು ಕೊನೆಯ ಸಾಲಿನವರೆಗೂ ಓದಿದೆ. ಹಲ್ಲು ಕಚ್ಚಿ ಓದಿದೆ.

"ಹೇಗುಂಟು?" ಎಂದು ಕೇಳಿದರು ಅತ್ತೆ. ಅವರು ಪುಸ್ತಕದ ಬಗ್ಗೆ ಕೇಳಿದ್ದು ಅದೊಂದೇ ಸಲ.

"ಕೆಟ್ಟದುಂಟು."

"ಮತ್ತೆ ಯಾಕೆ ಓದ್ತೀ?"

"ನಾನು ಆರಿಸಿದ್ದಲ್ವಾ."

"ಹಾಗಾದ್ರೆ ಆರಿಸ್ಲಿಕ್ಕೆ ಬರುದಿಲ್ಲ ನಿಂಗೆ" ಎಂದರು. ಮೈ ಉರಿಯಿತು, ಯಾಕೆಂದರೆ ಆ ಮಾತು ನಿಜವಾಗಿತ್ತು. ಒಂದು ವರ್ಷ ನಾನು ಆರಿಸಿರಲಿಲ್ಲ, ಅವನ ಅಂಟು ನನಗೆ ಆರಿಸಿಕೊಟ್ಟಿತ್ತು. ಇದು ಗೊತ್ತಾದಾಗ ಅವನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು. ಪುಸ್ತಕ ವಾಪಸ್ ಕೊಡಿ ಎಂದು ಗಂಡನ ಹತ್ತಿರ ಹೇಳಿ ಕಳಿಸಿದ್ದ. ಕುರ್ಲಾಕ್ಕೆ ಬಂದು ತೆಗೆದುಕೊಂಡು ಹೋಗಲಿ ಎಂದು ಹೇಳಿಸಿದೆ. ಬರಲಿಲ್ಲ. ಇಡ್ಲಿಗೆ ಮಾತ್ರ ದಿನವೂ ಬರುತ್ತಿದ್ದನಂತೆ.

ಕುರ್ಲಾ ಸ್ಟೇಷನ್ನಿನ ಹೊರಗೆ ಒಂದು ರದ್ದಿ ಅಂಗಡಿ ಇತ್ತು. ಮನೆ ಬಿಟ್ಟು ಹೋಗುವವರು ಹಾಕಿದ ಹಳೆ ಪುಸ್ತಕಗಳ ಗುಡ್ಡೆಯಲ್ಲಿ ಗುಜರಾತಿ, ಮರಾಠಿ, ತಮಿಳಿನ ನಡುವೆ ಹುಡುಕಿದರೆ ಕನ್ನಡವೂ ಸಿಗುತ್ತದೆ ಎಂದು ಗಂಡ ಹೇಳಿದರು. ಹೋದೆ. ಸೆರಗು ಸಿಕ್ಕಿಸಿಕೊಂಡು ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಮೊದಲನೆಯದು ಸಿಕ್ಕಿತು. ನಡುವಿನ ಒಂದು ಪುಟ ತೆರೆದು ಅಲ್ಲೇ ಓದಿದೆ. ಒಬ್ಬ ಚಿಕ್ಕಪ್ಪ ಬೋಧನೆ ಶುರು ಮಾಡುತ್ತಿದ್ದ. ಎಸೆದೆ. ಎರಡನೆಯದರಲ್ಲಿ ಹೆಂಗಸು ಎರಡನೇ ಸಾಲಿಗೇ ಅಳುತ್ತಿದ್ದಳು. ಎಸೆದೆ. ಆ ಎಸೆಯುವ ಸುಖ ನನಗೆ ಅದುವರೆಗೆ ಗೊತ್ತಿರಲಿಲ್ಲ. ಮೂರನೆಯದನ್ನು ಸ್ವಲ್ಪ ಓದಿ, ಬದಿಗಿಟ್ಟು, ಮತ್ತೆ ಮನಸ್ಸು ಬದಲಿಸಿ ಅದನ್ನೂ ಎಸೆದೆ. ಧೂಳೆದ್ದಿತು.

ತಕ್ಕಡಿಯ ಹಿಂದೆ ಕೂತಿದ್ದ ರದ್ದಿಯವನಿಗೆ ತಾಳ್ಮೆ ಕೆಟ್ಟಿತು. "ಬಾಯಿ, ಕಿತಾಬ್ ಲೇನಾ ಹೈ ಕಿ ಫೇಂಕ್ನಾ ಹೈ?" ಎಂದು ಕಿರುಚಿದ. ಕೊಳ್ಳಲು ಬಂದಿದ್ದೀಯೋ ಎಸೆಯಲು ಬಂದಿದ್ದೀಯೋ ಎಂದು.

"ದೋನೋ, ಎರಡಕ್ಕೂ" ಎಂದೆ, ನಾಲ್ಕನೆಯದನ್ನು ಕೈಗೆತ್ತಿಕೊಳ್ಳುತ್ತ.